ಸಾಸಿವಿ ಹಾಕಿದ ಸ್ಲೈಮು

ಸಣ್ಣ ಹುಡುಗರನ್ನ ಸುತ್ತ ಕೂಡಿಸಿಕೊಂಡು ಕೈ ಹೊಲಸು ಮಾಡಿಕೊಳ್ಳೋ ಉದ್ಯೋಗಕ್ಕ ಇಳಿದವರಿಗೆ ಒಂದು ದಿವಸನೂ ಸುಮ್ಮ ಹೋಗೂದಿಲ್ಲ. ಏನಾರೆ ಒಂದು ಅಂಟತದ, ಯಾರಿಗಾರೆ ಅಂಟತದ. ನಾ ಹತ್ತೊಂಬತ್ತು ವರ್ಷ ಒಂದು ಸಾಲಿಯೊಳಗ ಕ್ರಾಫ್ಟ್ ಟೀಚರ್ ಆಗಿದ್ದೆ. ಹೋದ ವರ್ಷ ಸಾಲಿಯವರು "ಇನ್ನ ಮ್ಯಾಲೆ ಕ್ರಾಫ್ಟ್ ಬ್ಯಾಡ, ರೋಬೋಟ್ ಕಲಿಸತೇವಿ" ಅಂತ ಹೇಳಿ, ಕೈಯಾಗ ಒಂದು ಹೂಗುಚ್ಛ ಕೊಟ್ಟು ಕಳಿಸಿದರು. ಆ ಗುಚ್ಛ ಸುದ್ದಾ ನಾನೇ ನಾಲ್ಕನೇ ಇಯತ್ತೆ ಹುಡುಗರ ಕಡಿಂದ ಮಾಡಿಸಿದ್ದ ಕಾಗದದ ಹೂವಿಂದು.

ಮನ್ಯಾಗ ಕೂತು ಒಂದು ತಿಂಗಳಿಗೇ ನಾ ಹೈರಾಣಾದೆ. ಕೈಗೆ ಕೆಲಸಿಲ್ಲ, ಕಿವಿಗೆ ಗದ್ದಲಿಲ್ಲ. ಬ್ಯಾಸಿಗಿ ಸೂಟಿ ಬಂತು. ಹೈದರಾಬಾದಿನ ತಾರ್ನಾಕದಾಗಿನ ನಮ್ಮ ಅಪಾರ್ಟ್‌ಮೆಂಟಿನ ಹುಡುಗರಿಗೆ ಸ್ಲೈಮು ಮಾಡೋದು ಕಲಿಸೋಣಂತ ಹೊಂಟೆ.

ಸ್ಲೈಮು ಗೊತ್ತಿಲ್ಲದವರಿಗೆ ಹೇಳತೀನಿ. ಬಿಳಿ ಗೋಂದಿನಾಗ ಚೂರು ಅಡಿಗಿ ಸೋಡಾ ಹಾಕಿ, ಮ್ಯಾಲೆ ಕಣ್ಣಿನ ಲೆನ್ಸ್ ತೊಳಿಯೋ ನೀರು ಬಿಟ್ಟು ತಿರುವಿದರ, ಗಟ್ಟಿನೂ ಅಲ್ಲ ನೀರೂ ಅಲ್ಲ, ಅಂಥಾದ್ದೊಂದು ಮುದ್ದಿ ಆಗತದ. ಎಳದರ ಬರತದ, ಇಟ್ಟರ ಸಾವಕಾಶ ಹರಕೋತ ಹೋಗತದ. ಅದರಾಗ ಮಣಿ, ಥರ್ಮಾಕೋಲ್ ಗುಂಡು, ಏನಾರೆ ಕಾಳಿನಂಥಾದ್ದು ಹಾಕಿದರ ಹಿಚುಕುವಾಗ ಬೆರಳಿಗೆ ಒಂದು ನಮೂನಿ ಹಿತ. ಇಷ್ಟೇ. ಇದಕ್ಕ ಈಗಿನ ಹುಡುಗರು ಪ್ರಾಣ ಬಿಡತಾವ.

ಮುಸುರಿ ಹೌದೋ ಅಲ್ಲೋ

ಮೊದಲನೇ ಪ್ರಯೋಗ ಮನ್ಯಾಗೇ ಮಾಡಿದೆ. ಗೋಂದು ತಂದಿರಲಿಲ್ಲ, ಮೆಕ್ಕೆಜೋಳದ ಹಿಟ್ಟು ನೀರಾಗ ಕಲಿಸಿ ಒಲಿ ಮ್ಯಾಲೆ ಕುದಿಸಿ ಒಂದು ನಮೂನಿ ಸ್ಲೈಮು ಮಾಡಬಹುದು, ಅದನ್ನ ಮಾಡಿದೆ. ನಮ್ಮ ಅತ್ತಿಯವರು ಅಡಿಗಿಮನಿ ಬಾಗಲದಾಗ ನಿಂತು ನೋಡಿದರು. ಅವರಿಗೆ ಎಪ್ಪತ್ತೆಂಟು ವರ್ಷ, ರಾಯಚೂರ ಕಡಿಯವರು, ಹೈದರಾಬಾದಿಗೆ ಬಂದು ಅರ್ಧ ಶತಮಾನ ಆದರೂ ಮಡಿ ಒಂದು ಗೇಣು ಸಡಿಲಾಗಿಲ್ಲ.

"ಇದನ್ನ ಬೇಯಿಸೀಯೇನು?" ಅಂತ ಕೇಳಿದರು.

"ಹೂಂ, ಅತ್ಯಾ."

"ಹಂಗಾರ ಇದು ಮುಸುರಿ ಆತು. ಮುಸುರಿ ಹಿಡಕೊಂಡು ಹತ್ತು ಹುಡುಗರು ಮನಿತುಂಬ ತಿರುಗ್ಯಾಡಿದರ ನಾ ದೇವರಮನಿಗೆ ಹೆಂಗ ಹೋಗಲಿ?"

ಬೆಂದ ಅನ್ನ ಮುಟ್ಟಿದ ಕೈ ತೊಳಕೊಳ್ಳದ ಬ್ಯಾರೆ ಏನೂ ಮುಟ್ಟಬಾರದು ಅನ್ನೋದು ನಮ್ಮ ಮನಿ ಪದ್ಧತಿ. ಸಂಜಿಗೆ ಪ್ಯಾಟಿಗೆ ಹೋಗಿ ಗೋಂದು ತಂದು ಎರಡನೇ ಸಲ ಮಾಡಿ ತೋರಿಸಿದೆ. "ನೋಡ್ರಿ, ಇದು ಬೇಯಿಸಿದ್ದಲ್ಲ."

ಅತ್ತಿಯವರು ಎರಡು ಮಾರು ದೂರ ನಿಂತು ನೋಡಿದರು. "ಆ ಗೋಂದು ಯಾವುದರಿಂದ ಮಾಡ್ಯಾರ?"

"ನನಗ ಗೊತ್ತಿಲ್ಲ."

"ಗೊತ್ತಿಲ್ಲದ್ದು ಮುಸುರಿಗಿಂತ ಕೆಟ್ಟದ್ದು," ಅಂದು ಸ್ನಾನಕ್ಕ ಹೋದರು. ಮುಟ್ಟಿರಲಿಲ್ಲ, ಬರೇ ನೋಡಿದ್ದಕ್ಕ.

ತಲಿಗೆ ನೂರು ಗ್ರಾಂ

ಮನಿ ಆಗೂದಿಲ್ಲ ಅಂದಮ್ಯಾಲೆ ಉಳಿದದ್ದು ನೆಲಮಾಳಿಗಿ ಹಾಲ್ ಒಂದೇ. ಅದರ ಕೀಲಿ ಅಪಾರ್ಟ್‌ಮೆಂಟಿನ ಸೆಕ್ರೆಟರಿಯವರ ಹತ್ತಿರ, ಅವರ ಹತ್ತಿರ ಮಾತ್ರ. ಅವರು ತೂಕ-ಮಾಪಿನ ಇಲಾಖೆಯೊಳಗ ಇನ್‌ಸ್ಪೆಕ್ಟರ್ ಆಗಿ ರಿಟೈರ್ ಆದವರು. ಅವರ ಮನಿಮಾತೂ ಕನ್ನಡನೇ. ಸಮಾಧಾನ ಇದ್ದಾಗ ಕನ್ನಡ, ರೂಲ್ಸ್ ಹೇಳುವಾಗ ಇಂಗ್ಲಿಷು, ಸಿಟ್ಟು ಬಂದರ ತೆಲುಗು. ಇದು ಲಿಫ್ಟಿನಾಗ ಆಡೋ ಹುಡುಗರಿಗೂ ಗೊತ್ತದ.

ಆ ವರ್ಷ ಅವರು ಹಾಲ್‌ಗೆ ಕೆಂಪು ವೆಲ್ವೆಟ್ಟಿನ ಸೋಫಾ ತರಿಸಿದ್ದರು. ಯಾರೂ ಕೂಡಬಾರದು ಅನ್ನೋ ಹಂಗ ಅದನ್ನ ಕಾಯತಿದ್ದರು. ನನ್ನ ಅರ್ಜಿ ಎರಡು ಸಲ ಓದಿ ಇಂಗ್ಲಿಷಿನಾಗ ರೂಲ್ಸ್ ಬರದು ಕೊಟ್ಟರು. ಸೋಮವಾರದಿಂದ ರವಿವಾರ, ಒಂದೇ ವಾರ. ಸಂಜಿ ನಾಲ್ಕರಿಂದ ಐದು. ವಯಸ್ಸು ಆರರಿಂದ ಹನ್ನೆರಡು. ದಿನಾ ಐದಕ್ಕ ಅವರೇ ಬಂದು ತಪಾಸಣಿ ಮಾಡೋದು. ಸೋಫಾದ ಮ್ಯಾಲೆ ಒಂದು ಕಲಿ ಕಂಡರ ಅವತ್ತೇ ಕ್ಲಾಸ್ ಬಂದ್. ವಾರ ಪೂರ್ತಿ ಸ್ವಚ್ಛ ಇದ್ದರ, ವರ್ಷಪೂರ್ತಿ ಶನಿವಾರಕ್ಕೊಮ್ಮೆ ಹಾಲ್ ನನಗ.

ಆ ಕಡೀ ಮಾತು ನನ್ನ ಎದಿಯೊಳಗ ಕೂತುಬಿಡ್ತು. ಶನಿವಾರಕ್ಕೊಮ್ಮೆ ಅಂದರ ನಾ ಮತ್ತ ಟೀಚರ್. ಇದು ತಪ್ಪಿದರ ನನಗ ಈ ಊರಾಗ ಕಾಲೂರಲಿಕ್ಕೆ ಬ್ಯಾರೆ ಜಾಗ ಇಲ್ಲ, ಮತ್ತ ಮನ್ಯಾಗ ಕೂತು ಕಾಗದದ ಹೂವು ನೋಡಬೇಕು.

"ಇನ್ನೊಂದು," ಅಂದರು ಸೆಕ್ರೆಟರಿ. "ವಾಚ್‌ಮನ್ ಮಗಳ ಹೆಸರೂ ಬರದೀರಿ."

"ಎಂಟು ವರ್ಷ ಅದರೀ ಅದಕ್ಕ. ನಿಮ್ಮ ರೂಲಿನೊಳಗ ಬರತದ."

"ಬರತದ. ಏನಾರೆ ಆದರ ಅವರಪ್ಪ ಜವಾಬ್ದಾರ." ಆಮ್ಯಾಲೆ ಮುಖ ಸೊಟ್ಟ ಮಾಡಿ ಕೇಳಿದರು, "ಆ ಲೊಳಿ ಲೊಳಿ ಸಾಮಾನು ಒಬ್ಬೊಬ್ಬ ಹುಡುಗಗ ಎಷ್ಟು ಕೊಡತೀರಿ?"

"ಒಂದು ಮುಷ್ಟಿ."

ಅವರಿಗೆ ಮೈಮ್ಯಾಲೆ ಚೇಳು ಬಿದ್ದಂಗ ಆತು. "ಮುಷ್ಟಿ ಅಂದರ ಯಾರ ಮುಷ್ಟಿ? ನೂರು ಗ್ರಾಂ ಅಂತ ಬರೀರಿ."

ಔಷಧದ ಅಂಗಡಿಯೊಳಗ

ಸಾಮಾನು ತರಲಿಕ್ಕೆ ಹೋದೆ. ಲೆನ್ಸ್ ತೊಳಿಯೋ ನೀರು ಔಷಧದ ಅಂಗಡಿಯೊಳಗ ಸಿಗತದ. ಆರು ಬಾಟಲಿ ಕೇಳಿದೆ. ಅಂಗಡಿಯವ ನನ್ನ ಕಣ್ಣು ನೋಡಿದ. ನಾ ಹಾಕೋದು ದಪ್ಪ ಕನ್ನಡಕ.

"ಎಲ್ಲಾ ನಿಮಗೇನಾ, ಮೇಡಂ?"

"ಹೌದಪ್ಪ."

ಸುಮ್ಮ ತಂದಿಟ್ಟ. ಸ್ಲೈಮು ಹಗುರ ಆಗಿ ಉಬ್ಬಬೇಕಂದರ ದಾಡಿ ಮಾಡಿಕೊಳ್ಳೋ ನೊರಿ ಬೇಕು. ಅದೂ ನಾಲ್ಕು ಡಬ್ಬಿ ಕೇಳಿದೆ. ಈಗ ನನ್ನ ಗದ್ದ ನೋಡಿದ. ಆಮ್ಯಾಲೆ ಗ್ಲಿಸರಿನ್, ಮಕ್ಕಳ ಮೈಗೆ ಹಚ್ಚೋ ಎಣ್ಣಿ, ಬಣ್ಣ ಬಣ್ಣದ ಮಿನುಗು ಪುಡಿ ಅದನೇನು ಅಂತ ಕೇಳಿದೆ.

ಅವ ಬಾಟಲಿ ಎಲ್ಲಾ ಚೀಲಕ್ಕ ತುಂಬಿ, ಬಗ್ಗಿ, ದನಿ ಸಣ್ಣ ಮಾಡಿ ಹೇಳಿದ, "ಮೇಡಂ, ಅದೇನು ತ್ರಾಸ ಅದನೋ ನಂಗೊತ್ತಿಲ್ಲ. ಮೊದಲು ಒಬ್ಬ ಚಲೋ ಡಾಕ್ಟರಿಗೆ ತೋರಿಸ್ರಿ."

ಒಂದೆಳಿ, ಎರಡೆಳಿ

ಸೋಮವಾರ ಹತ್ತು ಹುಡುಗರು ಬಂದರು. ಹಳೇ ಪ್ಲಾಸ್ಟಿಕ್ ಹಾಳಿ ಹಾಸಿದ್ದೆ, ಸೋಫಾಕ್ಕ ಹಳೇ ಧೋತರ ಹೊಚ್ಚಿದ್ದೆ, ಎಲ್ಲಾರ ಮುಂದ ತಕ್ಕಡಿಲೆ ತೂಗಿದ ನೂರು ಗ್ರಾಂ. ಹುಡುಗರ ಮಾತು ಅರ್ಧ ತೆಲುಗು ಅರ್ಧ ಹಿಂದಿ, ನಾ ಇಲ್ಲಿ ಎಲ್ಲಾ ಕನ್ನಡದಾಗೇ ಹೇಳತೀನಿ.

ಆದದ್ದೇನಂದರ, ಹೊರಗ ಹಾಳು ಬಿಸಲು, ಗೋಂದು ಕಾದು ತೆಳ್ಳಗಾಗಿಬಿಟ್ಟಿತ್ತು. ಎಷ್ಟು ತಿರುವಿದರೂ ಮುದ್ದಿ ಆಗವಲ್ದು. ಅವಸರದ ಹುಡುಗರು ಕೈ ಹಾಕಿದರು. ಹತ್ತು ಹುಡುಗರು, ಇಪ್ಪತ್ತು ಕೈ, ಎಲ್ಲಾ ಅಂಟಿಕೊಂಡು ನಿಂತಾವ. ಮೂರನೇ ಮಾಳಿಗಿ ಅವಳಿ ಹುಡುಗರು ಒಬ್ಬರ ಕೈ ಒಬ್ಬರು ಬಿಡಿಸಲಿಕ್ಕೆ ಹೋಗಿ ಇಬ್ಬರೂ ಒಂದಾಗಿಬಿಟ್ಟರು. ಗಡಿಯಾರ ನೋಡಿದೆ, ಐದಕ್ಕ ಹದಿನೈದು ನಿಮಿಷ ಕಮ್ಮಿ. ಒಂದು ಹುಡುಗ ಮೂಗು ತುರಸಲಿಕ್ಕತ್ತದ ಅಂದ. ನನಗ ಅಳು ಬಂತು, ಖರೇ ಹೇಳತೀನಿ.

ಅಷ್ಟರಾಗ ಅತ್ತಿಯವರು ಬಾಗಲದಾಗ ಬಂದು ನಿಂತರು. ಒಳಗ ಬರಲಿಲ್ಲ, ಹೊಚ್ಚಲ ಆಚಿಂದನೇ ಕೇಳಿದರು, "ಹೋಳಿಗಿ ಕಣಕ ನಾದೀಯಿಲ್ಲ ಎಂದಾರೆ?"

"ನಾದೀನಿ ಅತ್ಯಾ, ಅದಕ್ಕೂ ಇದಕ್ಕೂ..."

"ಅಂಟೋ ಹಿಟ್ಟಿಗೆ ಒಣಾ ಕೈ ಹಾಕತಾರೇನು? ಎಣ್ಣಿ ಹಚ್ಚು. ಇನ್ನ ಒಂದಿಷ್ಟು ಆ ಬಾಟಲಿ ನೀರು ಬಿಡು. ಹಿಚುಕಬ್ಯಾಡ, ಎಳದು ಮಡಚು, ಎಳದು ಮಡಚು."

ಎಲ್ಲಾರ ಕೈಗೆ ಎಣ್ಣಿ ಬಿಟ್ಟೆ. ಎಳದು ಮಡಚಿದೆವು. ಅತ್ತಿಯವರು ಹೊಚ್ಚಲ ದಾಟಿ ಒಂದೊಂದೇ ಹೆಜ್ಜಿ ಒಳಗ ಬರಲಿಕ್ಕತ್ತರು. ಉಂಡಿ ಪಾಕ ನೋಡಿ ನೋಡಿ ಬೆಳೆದ ಕಣ್ಣು, ತಡಕೊಳ್ಳಲಿಕ್ಕೆ ಆಗಲಿಲ್ಲ. ಕಡೀಕ ಸೆರಗು ಸಿಕ್ಕಿಸಿ, ಒಂದು ಚೂರು ಹೆಬ್ಬೆರಳು ತೋರಬೆರಳಿನ ನಡುವ ಹಿಡದು ಎಳದರು. "ಒಂದೆಳಿ ಬಂತು. ಇನ್ನ ನಾದ್ರಿ. ಎರಡೆಳಿ ಬರಬೇಕು." ಎರಡೆಳಿ ಬಂತು. ಇಪ್ಪತ್ತು ಕೈ ಸ್ವಚ್ಛ ಬಿಟ್ಟುಕೊಂಡವು. ಮುಟ್ಟಬಾರದ್ದು ಮುಟ್ಟಿ ಆಗಿತ್ತು. "ಹೆಂಗೂ ಮತ್ತ ಸ್ನಾನ ಮಾಡೋದದಲ್ಲ," ಅಂದು ಅತ್ತಿಯವರು ಹುಡುಗರ ನಡುವ ಕೂತೇ ಬಿಟ್ಟರು.

ಐದಕ್ಕ ಸರಿಯಾಗಿ ಸೆಕ್ರೆಟರಿ. ಕಿಸೆಯಿಂದ ಬಿಳೇ ಕರ್ಚೀಫ್ ತಗದು, ಧೋತರ ಸರಿಸಿ, ಸೋಫಾದ ಮ್ಯಾಲೆ ಕೈ ಆಡಿಸಿ, ಕರ್ಚೀಫ್ ಬೆಳಕಿಗೆ ಹಿಡದು ನೋಡಿದರು. ಸ್ವಚ್ಛ. ಆಮ್ಯಾಲೆ ಅತ್ತಿಯವರ ಕಡೆ ತಿರುಗಿ, "ವಯಸ್ಸು ಆರರಿಂದ ಹನ್ನೆರಡು ಅಂತ ಬರದೀನಲ್ಲ. ಇವರು?"

ಅತ್ತಿಯವರು ತಲಿ ಎತ್ತಲಿಲ್ಲ, ನಾದಿಕೋತನೇ ಹೇಳಿದರು. "ಹಲ್ಲು ಬಿದ್ದಾವ, ಹೊಸಾವು ಇನ್ನ ಬಂದಿಲ್ಲ. ಆರು ಅಂತ ಬರಕೋರಿ."

ತೇಲೋ ಸಾಬೂದಾಣಿ

ಬುಧವಾರ ಏಕಾದಶಿ. ಅವತ್ತೇ ಸ್ಲೈಮಿಗೆ ಕಾಳು ಹಾಕೋ ದಿವಸ. ಮನಿಯಿಂದ ಏನು ಬೇಕಾದ್ದು ತರ್ರಿ ಅಂದಿದ್ದೆ. ಮಣಿ ತಂದರು, ಮಿಂಚಿನ ಚೂರು ತಂದರು. ಇನ್ನೂ ಬೇಕಾದೀತಂತ ನಾನೂ ಥರ್ಮಾಕೋಲಿನ ಬಿಳೇ ಗುಂಡು ಒಂದು ಸ್ಟೀಲ್ ಡಬ್ಬಿಯೊಳಗ ತುಂಬಿ ಅಡಿಗಿಮನಿ ಕಟ್ಟಿ ಮ್ಯಾಲೆ ಇಟ್ಟು ಮರತು ಬಂದಿದ್ದೆ. ಅವಳಿ ಹುಡುಗರಿಗೆ "ಓಡ್ರಿ, ಸ್ಟೀಲ್ ಡಬ್ಬಿಯೊಳಗ ಬಿಳೇ ಗುಂಡು ಅವ, ತಗೊಂಡು ಬರ್ರಿ" ಅಂದೆ. ತಂದರು. ಎಲ್ಲಾರೂ ನೀಲಿ ಸ್ಲೈಮಿಗೆ ಸುರಕೊಂಡು ನಾದಿದರು. ಭಾಳ ಚಲೋ ಬಂತು, ಸ್ವಲ್ಪ ಒದ್ದಿ ಇತ್ತು, ಇರಲಿ ಅಂದೆ.

ವಾಚ್‌ಮನ್ ಮಗಳು ಮಾತ್ರ ಖಾಲಿ ಕೈಲೆ ಕೂತಿತ್ತು. ಯಾದಗಿರಿ ಕಡಿಂದ ಬಂದ ಮಂದಿ, ಲಿಫ್ಟಿನ ಬಾಜೂಕ ಒಂದೇ ಖೋಲಿ. ಅಲ್ಲಿ ಮಣಿ ಎಲ್ಲಿಂದ ಬರಬೇಕು? ನನ್ನ ಗುಂಡೂ ಅದಕ್ಕ ಬೇಕಾಗಿರಲಿಲ್ಲ, "ಎಲ್ಲಾರದೂ ಒಂದೇ ಆಗತೈತ್ರಿ" ಅಂತು. ಅತ್ತಿಯವರು ಅದರ ಮುಖ ನೋಡಿ, ಎದ್ದು ಮನಿಗೆ ಹೋಗಿ, ಒಂದು ಹಿಡಿ ಸಾಸಿವಿ ತಂದು ಅದರ ಹಸರು ಸ್ಲೈಮಿಗೆ ಸುರದರು. ಸಣ್ಣ ಸಾಸಿವಿ, ವರ್ಷಕ್ಕೊಮ್ಮೆ ರಾಯಚೂರಿಂದ ತರಿಸೋದು. ಇಲ್ಲಿ ಅಂಗಡ್ಯಾಗ ಸಿಗೋ ದಪ್ಪ ಸಾಸಿವಿ ಅತ್ತಿಯವರು ಮನಿಯೊಳಗ ಬಿಟ್ಟುಕೊಳ್ಳೂದಿಲ್ಲ.

ಆ ಸಾಸಿವಿ ಸ್ಲೈಮು ಹಿಚುಕಿದರ ಬೆರಳಿನ ಸಂದ್ಯಾಗ ಕಾಳು ಉರುಳಿ ಉರುಳಿ ಹೋಗತಿದ್ದವು. ಒಬ್ಬರು ಮುಟ್ಟಿದರು, ಎಲ್ಲಾರೂ ಸಾಲು ಹಚ್ಚಿದರು. ಮಣಿ ಕೊಡತೀನಿ, ಪೆನ್ಸಿಲ್ ಕೊಡತೀನಿ ಅಂದರೂ ಹುಡುಗಿ ಕೊಡಲಿಲ್ಲ. ಐದಕ್ಕ ಕರ್ಚೀಫ್ ಹಿಡಕೊಂಡು ಬಂದ ಸೆಕ್ರೆಟರಿ ಸುದ್ದಾ ಒಂದು ಗಳಿಗಿ ನಿಂತು ನೋಡಿ, "ಇದರಾಗ ಏನದು, ಇರುವಿಯೇನು?" ಅಂತ ಕೇಳಿದರು. ಹುಡುಗಿ ಅದನ್ನ ಕಿಟಕಿ ಕಟ್ಟಿ ಮ್ಯಾಲೆ ಜ್ವಾಕಿಲೆ ಇಟ್ಟು ಹೋತು. ಸೆಕ್ರೆಟರಿ ಕೀಲಿ ಹಾಕಿದರು.

ನಾ ಮನಿಗೆ ಬಂದು ನೋಡತೀನಿ, ಅತ್ತಿಯವರು ಸ್ಟೀಲ್ ಡಬ್ಬಿ ಮುಂದ ಇಟ್ಟುಕೊಂಡು ಕೂತಾರ. ಉಪವಾಸದ ಫಳಾರಕ್ಕ ಬೆಳಗ್ಗೆ ಸಾಬೂದಾಣಿ ನೆನಸಿಟ್ಟಿದ್ದರು. ಅದು ಹೋಗಿ ನೀಲಿ ಸ್ಲೈಮಿನಾಗ ಕೂತದ ಅಂತ ನನಗ ಆ ಹೊತ್ತಿಗೆ ತಿಳೀತು. ಅತ್ತಿಯವರ ಮುಂದ ಇದ್ದದ್ದು ಥರ್ಮಾಕೋಲು. ನೀರು ಹಾಕತಾರ, ಅದು ಮ್ಯಾಲೆ ಬರತದ. ಮತ್ತ ನೀರು ಹಾಕತಾರ, ಮತ್ತ ಮ್ಯಾಲೆ ಬರತದ.

"ಈ ಸಾಬೂದಾಣಿ ಖೋಟಾ ಅದ," ಅಂದರು ಅತ್ತಿಯವರು. "ಮುಂಜಾನಿಂದ ನೆನಿಲಿಕ್ಕೆ ಬಿಟ್ಟೀನಿ, ಒಂದಾರೆ ಮುಳುಗಬೇಕಲ್ಲ."

ಸೊಂಟದ ತನಕ ಜಡಿ

ಗುರುವಾರ ಹಾಲ್ ತಗದರ ಸಾಸಿವಿ ಸ್ಲೈಮು ಇಲ್ಲ. ಎಲ್ಲಾ ಕಡೆ ಹುಡುಕಿದೆವು. ವಾಚ್‌ಮನ್ ಮಗಳು ಅಳಲಿಲ್ಲ. "ಯಾರೋ ಒಯ್ದಾರ್ರಿ ಟೀಚರ್, ನಾ ಇಟ್ಟಿದ್ದು ನನಗ ನೆನಪೈತಿ," ಅಂತ ಇಷ್ಟೇ ಅಂತು. ಹತ್ತು ಹುಡುಗರ ಕಿಸೆ ತಪಾಸಣಿ ಮಾಡೋದು ನನಗ ಸರಿ ಅನಿಸಲಿಲ್ಲ. ಇನ್ನೊಂದು ಮಾಡಿಕೋ ಅಂದೆ. "ಒಲ್ಲೇರಿ, ನನಗ ಅದೇ ಬೇಕು," ಅಂತು.

ಶುಕ್ರವಾರ ಎರಡನೇ ಮಾಳಿಗಿ ಹುಡುಗಿ ಜಡಿಯೊಳಗ ಸ್ಲೈಮು ಸಿಕ್ಕೊಂತು. ಸೊಂಟದ ತನಕ ಬರೋ ಜಡಿ, ಅವತ್ತೇ ಸಂಜಿ ಆರಕ್ಕ ಅದರ ಡ್ಯಾನ್ಸ್ ಪ್ರೋಗ್ರಾಂ. ಅದರ ತಾಯಿ ಜಡಿಗೆ ಇಡೋ ಕಾಳಜಿ ಇಡೀ ಬಿಲ್ಡಿಂಗಿಗೆ ಗೊತ್ತದ. ಐದಕ್ಕ ತಾಯಿ ಬರತಾಳ, ಸೆಕ್ರೆಟರಿನೂ ಬರತಾರ. ಅವಳಿ ಹುಡುಗರಾಗ ಒಬ್ಬ ಕತ್ತರಿ ತಗೊಂಡು ತಯಾರಾಗಿ ನಿಂತಿದ್ದ. ಅವನನ್ನ ಮೊದಲು ಹೊರಗ ಕಳಿಸಿದೆ.

ಅತ್ತಿಯವರು ನಾಲ್ಕು ಲಿಂಬಿಹಣ್ಣು ಹೆಚ್ಚಿದರು. ಹುಳಿ ಬಿದ್ದ ಕೂಡಲೇ ಸ್ಲೈಮು ಕರಗಿ ಬಿಟ್ಟುಕೊಂತು. ಆಮ್ಯಾಲೆ ಕೊಬ್ಬರಿ ಎಣ್ಣಿ ಒಂದು ಬಟ್ಟಲ ಹಾಕಿ, ಬಾಚಿ, ಜಡಿ ಹೆಣದು, ರಿಬ್ಬನ್ ಕಟ್ಟೋದಕ್ಕೂ ತಾಯಿ ಬರೋದಕ್ಕೂ ಸರಿ ಹೋತು. ಆಕಿ ಮಗಳ ತಲಿ ಮುಟ್ಟಿ ನೋಡಿದಳು, ಮೂಸಿ ನೋಡಿದಳು.

ಹಿಂದ ಸೆಕ್ರೆಟರಿ ನಿಂತಿದ್ದರು. ಗುರುವಾರದಿಂದ ಅವರ ತಪಾಸಣಿ ಸಣ್ಣದಾಗಿತ್ತು. ಒಂದು ಕೈ ಜುಬ್ಬಾದ ಕಿಸೆಯೊಳಗ ಇಟ್ಟುಕೊಂಡು ಬರೋದು, ಸೋಫಾ ನೋಡೋದು, ಸುಮ್ಮ ನಗೋದು. ಬೈಯೋ ಮನಿಷಾ ನಗಲಿಕ್ಕತ್ತರ ನನಗ ಇನ್ನಷ್ಟು ಅಂಜಿಕಿ.

ತಾಯಿ ಕಡೀಕ ಬಾಯಿ ತಗದಳು. "ಆರು ವರ್ಷದಿಂದ ಇದರ ತಲಿಗೆ ಎಣ್ಣಿ ಹಚ್ಚಲಿಕ್ಕೆ ಬಡದಾಡಲಿಕ್ಕತ್ತೀನಿ, ಒಂದು ಹನಿ ಹಚ್ಚಿಸಿಕೊಂಡಿಲ್ಲ. ನಿಮ್ಮ ಕ್ಲಾಸ್ ಭಾಳ ಚಲೋ ಅದರಿ. ಇದರ ತಮ್ಮನ್ನೂ ಕಳಸ್ತೀನಿ."

ಸೋಫಾ

ರವಿವಾರ ಸಂಜಿ ನಾಲ್ಕಕ್ಕ ತಾಯಿ-ತಂದಿಯರ ಮುಂದ ಪ್ರದರ್ಶನ. ಆರು ದಿವಸ ಒಂದು ಕಲಿ ಇಲ್ಲದ ದಾಟಿದ್ದೆ. ಬೆಳಗ್ಗೆ ಹತ್ತಕ್ಕ ವಾಚ್‌ಮನ್ ಓಡಿಕೋತ ಬಂದ.

"ಅಮ್ಮಾರ, ಜಲ್ದಿ ಬರ್ರಿ. ಸಾಹೇಬ್ರು ಹಾಲ್‌ನ್ಯಾಗ ನಿಂತು ತೆಲುಗು ಮಾತಾಡಾಕತ್ಯಾರ."

ನಾ ಚಪ್ಪಲಿ ಸುದ್ದಾ ಹಾಕಲಿಲ್ಲ. ಹಾಲ್‌ನೊಳಗ ಆಗಲೇ ಅರ್ಧ ಬಿಲ್ಡಿಂಗ್ ನೆರದಿತ್ತು. ಕೆಂಪು ಸೋಫಾದ ನಡುವ, ಧೋತರ ಸರಿದ ಜಾಗದಾಗ, ಅಂಗೈ ಅಗಲ ಹಸರು ಕಲಿ. ವೆಲ್ವೆಟ್ಟಿನೊಳಗ ಇಳದು ಕೂತಿತ್ತು. ಅದರ ತುಂಬ ಸಾಸಿವಿ.

"ಎವರು ಚೇಶಾರಂಡಿ ಇದಿ?" ಅಂತ ಸೆಕ್ರೆಟರಿ ಗುಡುಗಿದರು. ಯಾರು ಮಾಡಿದ್ದು ಅಂತ. ಆಮ್ಯಾಲೆ ರೂಲ್ಸಿನ ಇಂಗ್ಲಿಷಿಗೆ ಬಂದರು. ಕ್ಲಾಸ್ ಈ ಗಳಿಗಿಯಿಂದ ಬಂದ್. ಇನ್ನ ಸಾಸಿವಿ ಸ್ಲೈಮು ಮಾಡಿದ್ದು ಇಡೀ ಕ್ಲಾಸಿನಾಗ ಒಂದೇ ಹುಡುಗಿ, ಅದು ಯಾರಂತ ಎಲ್ಲಾರಿಗೂ ಗೊತ್ತದ. ಅವರಪ್ಪ ಜವಾಬ್ದಾರ ಅಂತ ಮೊದಲೇ ಹೇಳಿ ಆಗ್ಯದ. ಈ ವಾಚ್‌ಮನ್‌ನ ಇಟ್ಟುಕೊಳ್ಳಬೇಕೋ ಬ್ಯಾಡೋ ಈಗೇ ಮೀಟಿಂಗಿನಾಗ ತೀರ್ಮಾನ ಆಗಲಿ.

ವಾಚ್‌ಮನ್ ಏನೂ ತಿಳಕೊಳ್ಳದೇ ಕೈ ಮುಗದ. "ತಪ್ಪಾತ್ರಿ ಸಾಹೇಬ್ರ. ನಾವೇ ತಿಕ್ಕಿ ತೊಳೀತೀವ್ರಿ." ಅವನ ಮಗಳು ಅವನ ಅಂಗಿ ಹಿಡದು ಜಗ್ಗಿತು. "ಅಪ್ಪಾ, ನಾ ಮಾಡಿಲ್ಲ. ಮಾಡದ ಯಾಕ ತಪ್ಪಾತು ಅಂತೀ?"

ಹಾಲ್ ಹೋದರ ಹೋಗಲಿ, ನಾ ಮನ್ಯಾಗ ಕೂಡತೀನಿ. ನನ್ನ ಹುಚ್ಚಿಗೆ ಒಂದು ಸಂಸಾರ ಬೀದಿಗೆ ಬರತದಲ್ಲ ಅನ್ನೋದು ನನಗ ತಡಕೊಳ್ಳಲಿಕ್ಕೆ ಆಗಲಿಲ್ಲ. "ಕ್ಲಾಸ್ ಬಂದ್ ಮಾಡ್ರಿ," ಅಂದೆ. "ಜವಾಬ್ದಾರಿ ನಂದು. ಅವನನ್ನ ಏನೂ ಅನಬ್ಯಾಡ್ರಿ."

ಆ ಹೊತ್ತಿನಾಗ ಅತ್ತಿಯವರು ಮಂದಿ ಸರಿಸಿಕೋತ ಬಂದು ಸೋಫಾದ ಮುಂದ ಕೂತರು. ಕಲಿಯ ಮ್ಯಾಲಿಂದ ಒಂದು ಚೂರು ತಗದು ಬೆರಳಿನಾಗ ತಿಕ್ಕಿದರು. "ಸಾಸಿವಿ ನಮ್ಮನೀದೇ. ಸಂಶಯಿಲ್ಲ." ಇನ್ನೊಂದು ಸಲ ತಿಕ್ಕಿದರು. "ಬುಧವಾರ ಬಿಟ್ಟುಹೋದದ್ದಾಗಿದ್ದರ ಇಷ್ಟೊತ್ತಿಗೆ ಒಣಗಿ ಚರ್ಮ ಆಗಿರತಿತ್ತು. ಇದು ಇನ್ನ ಹಸಿ ಅದ, ಮೆತ್ತಗದ. ಇದನ್ನ ಯಾರೋ ದಿನಾ ನಾದ್ಯಾರ. ಭಾಳ ಪ್ರೀತಿಲೆ ನಾದ್ಯಾರ."

ಅತ್ತಿಯವರು ತಲಿ ಎತ್ತಿ ಕೇಳಿದರು, "ಐದರ ಮ್ಯಾಲೆ ಈ ಹಾಲ್ ಕೀಲಿ ಯಾರ ಹತ್ತಿರ ಇರತದ?"

ಕೇಳಿದ್ದು ಸುಮ್ಮನೇ. ಆದರ ಸೆಕ್ರೆಟರಿಯವರ ಹಣಿ ಮ್ಯಾಲೆ ಬೆವರು ಬಂತು. ಅಭ್ಯಾಸದಂತೆ ಜುಬ್ಬಾದ ಕಿಸೆಗೆ ಕೈ ಹಾಕಿದರು, ಬಿಳೇ ಕರ್ಚೀಫ್ ಎಳದು ಹಣಿ ಒರಸಿಕೊಂಡರು. ಕರ್ಚೀಫ್ ಹಣಿಗೆ ಹೋತು. ಅದರ ಹಿಂದ, ಕಿಸೆಯಿಂದ ಹಣಿ ತನಕ, ಬೆರಳು ದಪ್ಪ ಹಸರು ಎಳಿಯೊಂದು ಸಾವಕಾಶ ಬಂತು. ಕರಿ ಸಾಸಿವಿ ಸಮೇತ. ಅವರು ಕೈ ಕೆಳಗ ತಂದರು, ಎಳಿ ಸಣ್ಣಾತು. ಗಾಬರಿಯಾಗಿ ಮತ್ತ ಮ್ಯಾಲೆ ಒಯ್ದರು, ಉದ್ದಾತು.

ಅತ್ತಿಯವರು ಒಬ್ಬರೇ ಮಾತಾಡಿದರು. "ಎರಡೆಳಿ ಪಾಕ. ಸರಿಯಾಗಿ ಬಂದದ."

"ಸ್ಯಾಂಪಲ್," ಅಂದರು ಸೆಕ್ರೆಟರಿ. "ಬುಧವಾರ ತಪಾಸಣಿಗೆ ಅಂತ ಸ್ಯಾಂಪಲ್ ತಗೊಂಡಿದ್ದೆ. ಇಲಾಖೆಯೊಳಗ ಅದೇ ರೂಢಿ."

ಅವರ ಹೆಂಡತಿ ಹಿಂದ ನಿಂತಿದ್ದರು. "ನಾಲ್ಕು ದಿನದಿಂದ ಟಿವಿ ಮುಂದ ಕೂತು ಆ ಸ್ಯಾಂಪಲ್ ಹಿಚುಕೋದೇ ಕೆಲಸ. ಕೇಳಿದರ ಡಾಕ್ಟರು ಹೇಳಿದ ಕೈ ವ್ಯಾಯಾಮ ಅಂದರು. ಬಿಪಿ ಇಳದದ ಅಂತ ನಾ ಹೊಸ ಗುಳಿಗಿಗೆ ಕೈ ಮುಗದೆ."

ಆಮ್ಯಾಲೆ ತಿಳೀತು. ದಿನಾ ತಪಾಸಣಿ ಮುಗಿಸಿ, ಎಲ್ಲಾರೂ ಹೋದಮ್ಯಾಲೆ, ಯಾರೂ ಕೂಡಬಾರದ ಸೋಫಾದ ಮ್ಯಾಲೆ ಅವರೇ ಒಂದು ತಾಸು ಕೂಡತಿದ್ದರಂತ. ಶನಿವಾರ ಕಿಸೆಯೊಳಗಿಂದ ಅರ್ಧ ಹರದು ಕೆಳಗ ಇಳದದ, ಗೊತ್ತಾಗಿಲ್ಲ. ತಮ್ಮ ಸ್ಯಾಂಪಲ್ ಭದ್ರ ಅದ, ಇದು ಹುಡುಗಿದು ಇನ್ನೊಂದು ಇರಬೇಕು ಅಂತ ಖರೇನೇ ತಿಳಕೊಂಡಿದ್ದರು.

ಅವರು ತೆಲುಗು ಬಿಟ್ಟರು, ಇಂಗ್ಲಿಷೂ ಬಿಟ್ಟರು. ವಾಚ್‌ಮನ್‌ಗ ಕೈ ಮುಗದರು. ಹುಡುಗಿ ಮುಂದ ಮೊಣಕಾಲೂರಿ, "ತಪ್ಪಾತವ್ವ. ನಿಂದು ನಾ ಹೇಳದ ಒಯ್ದೆ," ಅಂದರು. ಹುಡುಗಿ ಕರ್ಚೀಫಿನಿಂದ ತನ್ನ ಸ್ಲೈಮು ಬಿಡಿಸಿಕೊಂಡು ಹಿಚುಕಿ ನೋಡಿತು. "ಮೆತ್ತಗ ಮಾಡೀರಿ, ಚಲೋ ಆಗೈತಿ. ಆದರ ಸಾಸಿವಿ ಕಮ್ಮಿ ಮಾಡೀರಿ," ಅಂತು.

ಅತ್ತಿಯವರು ಲಿಂಬಿಹಣ್ಣು ಹೆಚ್ಚಿ ಸೆಕ್ರೆಟರಿಯವರ ಕೈಗೆ ಕೊಟ್ಟರು. ನಾಲ್ಕಕ್ಕ ಮಂದಿ ಪ್ರದರ್ಶನ ನೋಡಲಿಕ್ಕೆ ಬಂದಾಗ ಅವರು ಇನ್ನ ಸೋಫಾ ತಿಕ್ಕಲಿಕ್ಕೆ ಹತ್ತಿದ್ದರು.

ಮರುದಿವಸ ಲಿಫ್ಟಿನ ಬಾಜೂಕ ನೋಟಿಸ್ ಹಚ್ಚಿತ್ತು. ಶನಿವಾರಕ್ಕೊಮ್ಮೆ ಹಾಲ್ ಕ್ರಾಫ್ಟ್ ಕ್ಲಾಸಿಗೆ. ವಯಸ್ಸಿನ ಮಿತಿ ತಗದು ಹಾಕಲಾಗಿದೆ. ನಾ ಅದನ್ನ ನಾಲ್ಕು ಸಲ ಓದಿದೆ, ಆಮ್ಯಾಲೆ ಲಿಫ್ಟಿನಾಗ ಒಬ್ಬಾಕಿನೇ ಅತ್ತುಬಿಟ್ಟೆ.

ಮೊದಲನೇ ಶನಿವಾರ ಹಾಜರಿ ಪುಸ್ತಕ ವಾಚ್‌ಮನ್ ಮಗಳ ಕೈಗೆ ಕೊಟ್ಟು ಬಾಗಲದಾಗ ಕೂಡಿಸಿದ್ದೆ. ನಾಲ್ಕಕ್ಕ ಹತ್ತು ನಿಮಿಷ ಇರೋವಾಗಲೇ ಸೆಕ್ರೆಟರಿ ಬಂದರು. ಕೈಯಾಗ ಒಂದು ಸಣ್ಣ ಡಬ್ಬಿ, ಅದರಾಗ ತೂಗಿ ತಂದ ಸಾಸಿವಿ. ಹುಡುಗಿ ಹೆಸರು ಬರಕೊಂಡು, ಪೆನ್ಸಿಲ್ ಎತ್ತಿ ಹಿಡದು ಕೇಳಿತು, "ವಯಸ್ಸು ಎಷ್ಟ್ರೀ ಸಾಹೇಬ್ರ?"

ಸೆಕ್ರೆಟರಿ ಹಿಂದ ಮುಂದ ನೋಡಿದರು, ಬಾಗಲ ಹಿಂದಿದ್ದ ನಾ ಅವರಿಗೆ ಕಾಣಲಿಲ್ಲ. ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಬಾಯಿ ತಗದು ಹಿಂದಿನ ಎರಡು ಹಲ್ಲಿನ ಜಾಗ ತೋರಿಸಿದರು.

"ಆರು ಅಂತ ಬರಕೋ."